ಕೆಂಪು ತುದಿ

ಅಬ್ಬಿಗೆರೆಯ ಮುಖ್ಯರಸ್ತೆಯಿಂದ ಒಳಕ್ಕೆ ತಿರುಗಿದರೆ ತಗಡಿನ ಶೆಡ್ಡುಗಳ ಸಾಲು. ಲೇತು, ಮಿಲ್ಲಿಂಗ್, ಗ್ರೈಂಡಿಂಗ್ ಯಂತ್ರಗಳ ಸದ್ದು ಅಲ್ಲಿ ಈಗಲೂ ಬೆಳಗಿನಿಂದ ಕತ್ತಲಾಗುವವರೆಗೆ ಕೇಳುತ್ತದೆ. ಅಂಥ ಒಂದು ಶೆಡ್ಡಿನಲ್ಲಿ ನಾನು ಇಪ್ಪತ್ತೆರಡು ವರ್ಷ ಇನ್‌ಸ್ಪೆಕ್ಷನ್ ಟೇಬಲ್ಲಿನ ಮುಂದೆ ಕೂತವಳು. ತಯಾರಾಗಿ ಬಂದ ಬಿಡಿಭಾಗಗಳನ್ನು ಅಳೆದು, ಸರಿಯಿದ್ದದ್ದನ್ನು ಒಂದು ಟ್ರೇಗೆ, ಇಲ್ಲದ್ದನ್ನು ಇನ್ನೊಂದು ಟ್ರೇಗೆ ಹಾಕುವುದು ನನ್ನ ಕೆಲಸ.

ನಮ್ಮ ಕೈಯಲ್ಲಿ ಸದಾ ಇರುತ್ತಿದ್ದ ಸಾಧನ ಪ್ಲಗ್ ಗೇಜು. ನೋಡಲು ಗಿಡ್ಡ ಉಕ್ಕಿನ ಕಡ್ಡಿ, ಅಷ್ಟೆ. ಅದಕ್ಕೆ ಎರಡು ತುದಿ. ಕೊರೆದ ತೂತಿನೊಳಗೆ ಒಂದು ತುದಿ ಸಲೀಸಾಗಿ ಇಳಿಯಬೇಕು, ಅದು ‘ಗೋ’. ಇನ್ನೊಂದು ತುದಿ ಎಷ್ಟು ಒತ್ತಿದರೂ ಇಳಿಯಕೂಡದು, ಅದು ‘ನೋ-ಗೋ’. ಇಳಿಯಬಾರದ ತುದಿಗೆ ಕೆಂಪು ಬಣ್ಣ ಬಳಿದಿರುತ್ತಾರೆ. ಹೊಸದಾಗಿ ಸೇರಿದ ಹುಡುಗಿಯರು ಅವಸರದಲ್ಲಿ ಇಳಿಯುವ ತುದಿಯನ್ನು ಮಾತ್ರ ಹಾಕಿ ನೋಡಿ ‘ಓಕೆ’ ಎಂದುಬಿಡುತ್ತಿದ್ದರು. ನಾನೂ ಮೊದಲ ವಾರ ಹಾಗೆಯೇ ಮಾಡಿದ್ದೆ. ಆಗ ನಮ್ಮ ಸೂಪರ್‌ವೈಸರ್ ಗೇಜನ್ನು ನನ್ನ ಅಂಗೈಯಲ್ಲಿ ತಿರುಗಿಸಿಟ್ಟು ಹೇಳಿದ್ದರು: “ಒಳಗೆ ಹೋಗೋದನ್ನ ಯಾರು ಬೇಕಾದ್ರೂ ನೋಡ್ತಾರೆ ಕಣಮ್ಮ. ಹೋಗಬಾರದ್ದು ಹೋಗ್ತಿದೆಯಾ ಅಂತ ನೋಡು. ಸಂಬಳ ಕೊಡೋದು ಅದಕ್ಕೆ.”

ಇನ್ನೊಂದು ಪದ್ಧತಿಯೂ ಇತ್ತು. ಪ್ರತಿ ಗೇಜಿನ, ಪ್ರತಿ ಮೈಕ್ರೋಮೀಟರಿನ ಮೇಲೆ ಒಂದು ಚಿಕ್ಕ ಸ್ಟಿಕ್ಕರ್. ಹಿಂದೆ ಯಾವತ್ತು ಪರೀಕ್ಷೆಯಾಯಿತು, ಮುಂದೆ ಯಾವತ್ತು ಆಗಬೇಕು ಎಂದು ಅದರಲ್ಲಿ ಬರೆದಿರುತ್ತಿತ್ತು. ಆ ತಾರೀಖು ದಾಟಿದ ಮೇಲೆ ಸಾಧನ ಎಷ್ಟೇ ಚೆನ್ನಾಗಿ ಕಂಡರೂ ಮುಟ್ಟುವಂತಿರಲಿಲ್ಲ. ಉಕ್ಕೂ ಸವೆಯುತ್ತದೆ. ಸವೆದದ್ದು ಕಣ್ಣಿಗೆ ಕಾಣುವುದಿಲ್ಲ, ಬೇರೆಯದರ ಜೊತೆಗಿಟ್ಟು ಅಳೆದಾಗಲೇ ಗೊತ್ತಾಗುತ್ತದೆ.

ಕೆಲಸ ಬಿಟ್ಟ ಮೇಲೆ ಇದೆಲ್ಲ ಮರೆತುಹೋಗಬೇಕಿತ್ತು. ನಮ್ಮ ಮನೆಯಿಂದ ಎರಡು ಕ್ರಾಸ್ ಆಚೆ ಇರುವ ಒಂದು ಬ್ಯೂಟಿ ಪಾರ್ಲರಿನಲ್ಲಿ ಕೂತಾಗ ಮತ್ತೆ ಮತ್ತೆ ನೆನಪಾಗುತ್ತದೆ.

ಹತ್ತು ಅಡಿ ಅಗಲ, ಹನ್ನೆರಡು ಅಡಿ ಉದ್ದದ ಕೋಣೆ ಅದು. ಎರಡು ಕುರ್ಚಿ, ಫೇಶಿಯಲ್ಲಿಗೆ ಮಲಗಿಸುವ ಒಂದು ಮಂಚ, ಮಧ್ಯೆ ಹೂವಿನ ಪರದೆ. ನಡೆಸುವವರು ಪಾವಗಡದ ಕಡೆಯವರು. ಮೊದಲು ಪೀಣ್ಯದ ಗಾರ್ಮೆಂಟ್ಸಿನಲ್ಲಿ ಕಾಲರ್ ಹೊಲಿಯುತ್ತಿದ್ದರು. ಅಲ್ಲಿ ಬೆನ್ನುನೋವು ಹತ್ತಿಸಿಕೊಂಡು, ಪರಿಚಯದ ಇನ್ನೊಬ್ಬ ಅಕ್ಕನ ಪಾರ್ಲರಿನಲ್ಲಿ ಮೂರು ತಿಂಗಳು ಕೈಕೆಲಸ ಕಲಿತು, ಒಡವೆ ಅಡವಿಟ್ಟು ಈ ಕೋಣೆ ಬಾಡಿಗೆಗೆ ಹಿಡಿದವರು. ಬೀದಿಯ ಹೆಣ್ಣುಮಕ್ಕಳೆಲ್ಲ ಅವರನ್ನು ‘ಅಕ್ಕ’ ಎನ್ನುತ್ತಾರೆ. ವಯಸ್ಸಿನಲ್ಲಿ ದೊಡ್ಡವಳಾದರೂ ನಾನೂ ಹಾಗೆಯೇ ಅನ್ನುತ್ತೇನೆ.

ಗೋಡೆಯ ಮೇಲೆ ಕನ್ನಡಿಯ ಪಕ್ಕ ಎರಡು ಚೌಕಟ್ಟು. ಒಂದರಲ್ಲಿ ಪಾಲಿಕೆ ಕೊಟ್ಟ ಉದ್ಯಮ ಪರವಾನಗಿ, ಇನ್ನೊಂದರಲ್ಲಿ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ ಪ್ರಕಾರ ಪಡೆದ ನೋಂದಣಿ ಪತ್ರ. ಒಂದು ಮಧ್ಯಾಹ್ನ ಡೈ ಹಚ್ಚಿಸಿಕೊಂಡು ಕಾಯುತ್ತ ಕೂತಿದ್ದಾಗ ಎರಡನ್ನೂ ಪೂರ್ತಿ ಓದಿದೆ. ಜಾಗ ಎಲ್ಲಿದೆ, ಯಾರ ಹೆಸರಿನಲ್ಲಿದೆ, ಯಾವ ಬಗೆಯ ವ್ಯಾಪಾರ, ಶುಲ್ಕ ಕಟ್ಟಿದ್ದು ಎಷ್ಟು, ಎಲ್ಲ ಇತ್ತು. ಈ ಕೋಣೆಯಲ್ಲಿ ಇನ್ನೊಬ್ಬರ ಮುಖದ ಮೇಲೆ ರಾಸಾಯನಿಕ ಹಚ್ಚುವ ಕೈಗೆ ಏನು ಗೊತ್ತಿರಬೇಕು ಎಂಬ ಬಗ್ಗೆ ಒಂದಕ್ಷರವೂ ಇರಲಿಲ್ಲ. ತಪ್ಪು ಅಕ್ಕನದಲ್ಲ. ನಮ್ಮ ದೇಶದಲ್ಲಿ ಆ ಪ್ರಶ್ನೆ ಕೇಳುವ ಕಡ್ಡಾಯದ ಪರವಾನಗಿಯೇ ಇಲ್ಲ. ಅಂಗಡಿಗೆ ಅನುಮತಿ ಬೇಕು, ಕೈಗೆ ಬೇಡ.

ಇದೇ ಬೀದಿಯ ದಿನಸಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಗೆ ವರ್ಷಕ್ಕೊಮ್ಮೆ ತೂಕ ಮತ್ತು ಅಳತೆ ಇಲಾಖೆಯವರ ಮುದ್ರೆ ಬೀಳಬೇಕು. ಅರ್ಧ ಕಿಲೋ ತೊಗರಿಬೇಳೆಯಲ್ಲಿ ಐದು ಗ್ರಾಂ ಮೋಸವಾಗಬಾರದು ಎನ್ನುವ ಕಾಳಜಿ ನಮಗಿದೆ. ಮುಖದ ಚರ್ಮಕ್ಕೆ ಅಷ್ಟು ಬೆಲೆಯೂ ಬೇಡವೇ ಎಂದು ಅವತ್ತು ಮನಸ್ಸಿಗೆ ಬಂತು, ಬಂದದ್ದು ಹೋಗಲೇ ಇಲ್ಲ.

ಹಾಗೆ ಯೋಚಿಸುವಂತೆ ಮಾಡಿದ್ದು ಒಂದು ಘಟನೆ. ಮದುವೆಗೆ ಇನ್ನು ಹತ್ತು ದಿನವಿದ್ದ ಹುಡುಗಿಯೊಬ್ಬಳು ತಾಯಿಯ ಜೊತೆ ಬಂದಿದ್ದಳು. ಬ್ಲೀಚ್, ಫೇಶಿಯಲ್, ವ್ಯಾಕ್ಸ್, ಮದುವೆ ದಿನದ ಮೇಕಪ್ಪು ಎಲ್ಲ ಸೇರಿ ಒಳ್ಳೆಯ ಮೊತ್ತದ ಕೆಲಸ. ಅಕ್ಕ ಅವಳನ್ನು ಬಾಗಿಲ ಬಳಿ ಬೆಳಕಿಗೆ ಕರೆದುಕೊಂಡು ಹೋಗಿ ಕೆನ್ನೆಯನ್ನು ಬಹಳ ಹೊತ್ತು ನೋಡಿದರು. ಕೆನ್ನೆ ನುಣುಪಾಗಿ ಕೆಂಪಗಿತ್ತು, ಅಲ್ಲಲ್ಲಿ ಸಣ್ಣ ರಕ್ತನಾಳಗಳು ದಾರದೆಳೆಯ ಹಾಗೆ ಕಾಣುತ್ತಿದ್ದವು. ಗಲ್ಲದ ಮೇಲೆ ಸಣ್ಣ ಮೊಡವೆ, ತೆಳುವಾಗಿ ರೋಮ.

“ಏನು ಹಚ್ತಿದ್ದೀಯಮ್ಮ?”

ಹುಡುಗಿ ಮೊದಲು ಏನೂ ಇಲ್ಲ ಅಂದಳು. ಆಮೇಲೆ ಗೆಳತಿ ಕೊಟ್ಟ ಒಂದು ಕ್ರೀಮು, ಎಂಟು ತಿಂಗಳಿಂದ, ಬಿಟ್ಟರೆ ಉರಿಯುತ್ತೆ, ಅದಕ್ಕೇ ಬಿಡಕ್ಕಾಗ್ತಿಲ್ಲ ಅಂದಳು.

ಅಕ್ಕ ಡೈರಿ ಮುಚ್ಚಿದರು. “ಇದಕ್ಕೆ ನಾನು ಕೈ ಹಾಕಲ್ಲ. ಮೊದಲು ಚರ್ಮದ ಡಾಕ್ಟರ್ ಹತ್ರ ಹೋಗಿ ತೋರಿಸ್ಕೊಂಡು ಬನ್ನಿ. ಮದುವೆ ದಿನ ಸೀರೆ ಉಡಿಸಿ, ಜಡೆ ಹಾಕಿ, ಹೂ ಮುಡಿಸ್ತೀನಿ. ಮುಖಕ್ಕೆ ಬ್ಲೀಚ್ ಮಾತ್ರ ಇಲ್ಲ.”

ತಾಯಿಗೆ ಸಿಟ್ಟು ಬಂತು. ಗಂಗಮ್ಮ ಸರ್ಕಲ್ ಹತ್ತಿರ ಬೇಕಾದಷ್ಟು ಪಾರ್ಲರ್ ಇವೆ ಎಂದು ಹೇಳಿ ಎದ್ದು ಹೋದರು. ಅಕ್ಕ ಏನೂ ಆಗದವರಂತೆ ನನ್ನ ಕೂದಲು ತೊಳೆಯಲು ನೀರು ಬಿಟ್ಟರು. ಕನ್ನಡಿಯಲ್ಲಿ ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಆ ತಿಂಗಳ ಬಾಡಿಗೆಯ ಅರ್ಧಭಾಗ ಈಗಷ್ಟೇ ಬಾಗಿಲು ದಾಟಿ ಹೋಗಿತ್ತು.

ಅವರು ನೋಡಿದ್ದು ಏನೆಂದು ನನಗೆ ಆಮೇಲೆ ತಿಳಿಯಿತು. ಬಿಳುಪಿನ ಆಸೆಗೆ ಹಚ್ಚುವ ಅನೇಕ ಕ್ರೀಮುಗಳಲ್ಲಿ ಸ್ಟೆರಾಯ್ಡ್ ಇರುತ್ತದೆ. ಮೊದಲ ವಾರಗಳಲ್ಲಿ ಮುಖ ಹೊಳೆಯುತ್ತದೆ. ನಂತರ ಚರ್ಮ ತೆಳುವಾಗುತ್ತ ಹೋಗುತ್ತದೆ, ರಕ್ತನಾಳ ಕಾಣಿಸುತ್ತದೆ, ರೋಮ ಬೆಳೆಯುತ್ತದೆ. ಹಚ್ಚುವುದನ್ನು ನಿಲ್ಲಿಸಿದ ಕೂಡಲೇ ಉರಿ ಏಳುವುದರಿಂದ ಜನ ಮತ್ತೆ ಅದಕ್ಕೇ ಮರಳುತ್ತಾರೆ. ಚರ್ಮರೋಗ ವೈದ್ಯರು ವರ್ಷಗಟ್ಟಲೆ ಕೂಗಿ ಹೇಳಿದ ಮೇಲೆ 2018ರಲ್ಲಿ ಕೇಂದ್ರ ಸರ್ಕಾರ ಇಂಥ ಹದಿನಾಲ್ಕು ಸ್ಟೆರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದ ಔಷಧಿಗಳ ಪಟ್ಟಿಗೆ ಸೇರಿಸಿತು. ಇನ್ನು ಕೆಲವು ಕ್ರೀಮುಗಳಲ್ಲಿ ಪಾದರಸ. 2020ರ ಸೌಂದರ್ಯವರ್ಧಕ ನಿಯಮಗಳ ಪ್ರಕಾರ ಮುಖಕ್ಕೆ ಹಚ್ಚುವ ಕ್ರೀಮಿನಲ್ಲಿ ಅರಿವಿಲ್ಲದೆ ಸೇರಿದ ಪಾದರಸವೂ ಹತ್ತು ಲಕ್ಷ ಭಾಗಕ್ಕೆ ಒಂದು ಭಾಗ ಮೀರಕೂಡದು. ಆದರೂ ಕೇರಳದ ಮಲಪ್ಪುರಂ ಜಿಲ್ಲೆಯ ಮೂತ್ರಪಿಂಡ ವೈದ್ಯರು 2021ರಿಂದ 2023ರವರೆಗೆ ತಮ್ಮಲ್ಲಿಗೆ ಬಂದ ಒಂದು ಬಗೆಯ ಕಾಯಿಲೆಯ 22 ರೋಗಿಗಳನ್ನು ಪರೀಕ್ಷಿಸಿದಾಗ, ಅವರಲ್ಲಿ 15 ಮಂದಿಯ ಕಾಯಿಲೆ ಅಪರೂಪದ ಒಂದೇ ಪ್ರಭೇದದ್ದಾಗಿತ್ತು. ಆ 15 ಮಂದಿಯಲ್ಲಿ 13 ಜನ ಬಿಳುಪಿನ ಕ್ರೀಮು ಹಚ್ಚುತ್ತಿದ್ದವರು. ಕೆನ್ನೆಗೆ ಹಚ್ಚಿದ್ದು ಮೂತ್ರಪಿಂಡಕ್ಕೆ ಇಳಿದಿತ್ತು.

ಈ ಅಂಕಿ ಸಂಖ್ಯೆ ಯಾವುದೂ ಅಕ್ಕನಿಗೆ ಗೊತ್ತಿಲ್ಲ. ಎಲ್ಲಿ ನಿಲ್ಲಿಸಬೇಕು ಎಂಬುದು ಗೊತ್ತಿತ್ತು. ಕೆಂಪು ತುದಿ ಗೊತ್ತಿತ್ತು.

ಎಲ್ಲಿ ಕಲಿತಿರಿ ಎಂದು ಇನ್ನೊಂದು ದಿನ ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಪಾರ್ಲರ್ ತೆರೆದ ಹೊಸತರಲ್ಲಿ, ಇದೇ ರೀತಿ ಕೆಂಪಾದ ಮುಖದ ಒಬ್ಬ ಹುಡುಗಿಗೆ, ಗಾರ್ಮೆಂಟ್ಸಿನಲ್ಲಿ ತಮ್ಮದೇ ಲೈನಿನಲ್ಲಿ ಕೂರುತ್ತಿದ್ದವಳಿಗೆ, ಬ್ಲೀಚ್ ಹಚ್ಚಿದರಂತೆ. ಪೌಡರ್ ಎಷ್ಟು, ಕ್ರೀಮ್ ಎಷ್ಟು ಎಂಬುದು ಅಂದಾಜು. ಎಷ್ಟು ನಿಮಿಷ ಎಂಬುದೂ ಅಂದಾಜು. ಉರಿ ಅಂದಾಗ ‘ಸ್ವಲ್ಪ ತಡ್ಕೊ, ಬೆಳ್ಳಗಾಗ್ತಿದೆ’ ಅಂದರಂತೆ. ಎರಡೂ ಕೆನ್ನೆಯ ಮೇಲೆ ಚರ್ಮ ಎದ್ದು, ಕಪ್ಪು ಕಲೆ ಉಳಿದು ಮಾಗಲು ಒಂದು ವರ್ಷ ಹಿಡಿಯಿತು. “ಅವಳು ಬೈಯಲೂ ಇಲ್ಲ ಅಮ್ಮ. ನೀನು ಬೇಕು ಅಂತ ಮಾಡಿದ್ದಲ್ವಲ್ಲ ಅಂದ್ಳು. ಈಗ್ಲೂ ಬೀದೀಲಿ ಸಿಕ್ಕಿದ್ರೆ ನಾನು ಮೊದಲು ನೋಡೋದು ಕೆನ್ನೇನೇ.”

ಆ ರಾತ್ರಿ ನನಗೆ ಬೇಗ ನಿದ್ದೆ ಹತ್ತಲಿಲ್ಲ. ಅನುಭವದಿಂದ ಕಲಿತವರು ಎಂದು ನಾವು ಎಷ್ಟು ಗೌರವದಿಂದ ಹೇಳುತ್ತೇವೆ. ಆ ಅನುಭವದ ಬೆಲೆಯನ್ನು ಯಾರು ಕೊಟ್ಟರು ಎಂದು ಕೇಳುವುದಿಲ್ಲ. ಬಡಗಿ ಮರ ಹಾಳು ಮಾಡಿ ಕಲಿಯುತ್ತಾನೆ. ನಮ್ಮ ಶೆಡ್ಡಿನ ಹುಡುಗರು ಕಬ್ಬಿಣ ಹಾಳು ಮಾಡಿ ಕಲಿತರು, ಹಾಳಾದದ್ದು ಸ್ಕ್ರ್ಯಾಪಿಗೆ ಹೋಯಿತು. ಪಾರ್ಲರಿನ ಕೈ ಹಾಳು ಮಾಡಿ ಕಲಿಯುವುದು ಒಬ್ಬಳ ಕೆನ್ನೆಯನ್ನು. ಅದೂ ಯಾರ ಕೆನ್ನೆ? ಇನ್ನೂರು ರೂಪಾಯಿಗೆ ಫೇಶಿಯಲ್ ಹುಡುಕಿಕೊಂಡು ಬರುವವಳದು, ಕಲೆ ಬಿದ್ದರೆ ಚರ್ಮದ ವೈದ್ಯರ ಬಳಿ ಹೋಗಲು ಹಿಂದೆ ಮುಂದೆ ನೋಡುವವಳದು. ದುಡ್ಡಿರುವವರ ಮುಖಕ್ಕೆ ಕೈ ಹಚ್ಚುವ ಹೊತ್ತಿಗೆ ಆ ಕೈ ಬಡವರ ಮುಖದ ಮೇಲೆ ಪಳಗಿರುತ್ತದೆ. ನಿಯಮ, ಪರೀಕ್ಷೆ, ಪರವಾನಗಿ ಎಂದರೆ ಅಧಿಕಾರಿಗಳ ಕಾಟ ಎಂದುಕೊಂಡಿದ್ದವಳಿಗೆ ಅವತ್ತು ಬೇರೆ ರೀತಿ ಕಂಡಿತು. ಒಬ್ಬಳ ಕೆನ್ನೆ ಸುಟ್ಟು ದೊರೆತ ತಿಳಿವಳಿಕೆ ಮುಂದಿನವಳ ಕೆನ್ನೆ ಸುಡದೆಯೇ ಮುಂದಿನ ಕೈಗೆ ಸಿಗಬೇಕು. ಅದಕ್ಕೊಂದು ದಾರಿ ಬೇಕು.

ಅಮೆರಿಕದಲ್ಲಿರುವ ನನ್ನ ಒಡಹುಟ್ಟಿದ ಅಕ್ಕನ ಮಗಳು ಅಲ್ಲಿನ ಪದ್ಧತಿ ಹೇಳಿದಳು. ಅಲ್ಲಿ ಚರ್ಮದ ಆರೈಕೆ ಮಾಡುವವರಿಗೆ ರಾಜ್ಯ ಸರ್ಕಾರದ ಪರವಾನಗಿ ಬೇಕು. ಕ್ಯಾಲಿಫೋರ್ನಿಯದಲ್ಲಿ 600 ಗಂಟೆ, ಟೆಕ್ಸಾಸಿನಲ್ಲಿ 750 ಗಂಟೆ, ಅಲಬಾಮದಲ್ಲಿ 1000 ಗಂಟೆ ಕಲಿತು ಪರೀಕ್ಷೆ ಪಾಸು ಮಾಡಬೇಕು. ನಾರ್ತ್ ಕ್ಯಾರೊಲೈನದಲ್ಲಿ ಪರವಾನಗಿ ಸಿಕ್ಕ ಮೇಲೂ ವರ್ಷಕ್ಕೆ ಎಂಟು ಗಂಟೆ ಮತ್ತೆ ತರಗತಿಯಲ್ಲಿ ಕೂರಬೇಕು. ಕನೆಕ್ಟಿಕಟ್ ರಾಜ್ಯದಲ್ಲಿ ಮಾತ್ರ 2019ರವರೆಗೆ ಇಂಥ ಪರವಾನಗಿಯೇ ಇರಲಿಲ್ಲ. ಚರ್ಮ ಎಲ್ಲ ಕಡೆ ಒಂದೇ, ಗಂಟೆಗಳ ಲೆಕ್ಕ ಮಾತ್ರ ಬೇರೆ ಬೇರೆ. ಹಾಗಾದರೆ ಆ ಲೆಕ್ಕ ಚರ್ಮವನ್ನು ನೋಡಿ ಹಾಕಿದ್ದಲ್ಲ.

ಆ 1000 ಗಂಟೆಯನ್ನು ಅಬ್ಬಿಗೆರೆಗೆ ತಂದಿಟ್ಟು ನೋಡಿದೆ. ದಿನಕ್ಕೆ ಎಂಟು ಗಂಟೆಯಂತೆ 125 ದಿನ. ಸಂಪಾದನೆಯಿಲ್ಲದೆ, ಶುಲ್ಕ ಕಟ್ಟಿ, ಮಕ್ಕಳನ್ನು ಯಾರ ಬಳಿಯೋ ಬಿಟ್ಟು. ಅಕ್ಕನಿಗೆ ಅದು ಸಾಧ್ಯವಿರಲಿಲ್ಲ. ಅಂಥ ನಿಯಮ ಇದ್ದಿದ್ದರೆ ಅವರು ಈಗಲೂ ಬೆನ್ನು ಹಿಡಿದುಕೊಂಡು ಕಾಲರ್ ಹೊಲಿಯುತ್ತಿದ್ದರು. ಅಥವಾ ಫಲಕ ಹಾಕದೆ ಮನೆಯ ಒಳಕೋಣೆಯಲ್ಲಿ, ಕಿಟಕಿ ಮುಚ್ಚಿಕೊಂಡು, ಇನ್ನೂ ಹೆಚ್ಚು ಹೆದರಿಕೆಯಿಂದ ಇದೇ ಕೆಲಸ ಮಾಡುತ್ತಿದ್ದರು. ಬಾಗಿಲನ್ನು ಎತ್ತರಿಸಿದರೆ ಹೊರಗುಳಿಯುವವರು ಗಿಡ್ಡಗಿರುವವರು. ಈ ಭಯ ನನಗೆ ನಿಜವಾಗಿ ಇದೆ. ಹೆಣ್ಣುಮಕ್ಕಳು ಯಾರ ಕೈಯನ್ನೂ ಕಾಯದೆ ತಮ್ಮ ಕಾಲಮೇಲೆ ನಿಂತ ಕಸುಬುಗಳು ನಮ್ಮಲ್ಲಿ ಬಹಳ ಇಲ್ಲ, ಇದು ಅವುಗಳಲ್ಲೊಂದು.

ಕಲಿಯಲು ನಮ್ಮಲ್ಲಿ ದಾರಿಗಳೇ ಇಲ್ಲವೆಂದಲ್ಲ. ಐಟಿಐಗಳಲ್ಲಿ ಕಾಸ್ಮೆಟಾಲಜಿ ಎಂಬ ಒಂದು ವರ್ಷದ ಕೋರ್ಸ್ ಇದೆ. ಧರ್ಮಸ್ಥಳದವರು ಎರಡು ಬ್ಯಾಂಕುಗಳೊಡನೆ ಸೇರಿ 1982ರಲ್ಲಿ ಉಜಿರೆಯಲ್ಲಿ ಆರಂಭಿಸಿದ ರುಡ್‌ಸೆಟ್ ಸಂಸ್ಥೆಯ ಶಾಖೆ ನಮಗೆ ಹತ್ತಿರದ ನೆಲಮಂಗಲದ ಅರಿಶಿನಕುಂಟೆಯಲ್ಲೇ ಇದೆ, ಊಟ ವಸತಿ ಕೊಟ್ಟು ಸ್ವಉದ್ಯೋಗ ಕಲಿಸುತ್ತಾರೆ. 2023ರ ಸೆಪ್ಟೆಂಬರಿನಲ್ಲಿ ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆ ಹದಿನೆಂಟು ಕಸುಬುಗಳಲ್ಲಿ ಕ್ಷೌರಿಕರನ್ನೂ ಸೇರಿಸಿಕೊಂಡು, ತರಬೇತಿಯ ದಿನಕ್ಕೆ 500 ರೂಪಾಯಿ ಭತ್ಯೆ ಕೊಡುತ್ತದೆ. ಈ ಭತ್ಯೆಯ ವಿಚಾರ ನನಗೆ ಬಹಳ ಸರಿ ಅನ್ನಿಸುತ್ತದೆ. ಕಲಿಯಲು ಬಂದವಳ ಆ ದಿನದ ಕೂಲಿ ಹೋಗುತ್ತದೆ ಎಂದು ಯಾರೋ ಯೋಚಿಸಿದ್ದಾರೆ. ಇವೆಲ್ಲ ಇಷ್ಟವಿದ್ದವರು ಹೋಗಿ ಕಲಿಯಬಹುದಾದವು. ಒಮ್ಮೆ ಕಲಿತು ಹೊರಬಂದ ಮೇಲೆ ಮತ್ತೆ ಬಾ ಎಂದು ಕರೆಯುವವರು ಯಾರೂ ಇಲ್ಲ.

ಮತ್ತೆ ಕರೆಯುವುದೇ ಮುಖ್ಯ ಎಂದು ನನ್ನ ಇಪ್ಪತ್ತೆರಡು ವರ್ಷ ಹೇಳುತ್ತದೆ. ಕರ್ನಾಟಕ ವೈದ್ಯಕೀಯ ಪರಿಷತ್ತು ವೈದ್ಯರ ನೋಂದಣಿ ನವೀಕರಿಸಲು ಐದು ವರ್ಷಕ್ಕೆ 30 ಗಂಟೆಗಳಷ್ಟು ಮುಂದುವರಿದ ಕಲಿಕೆಯನ್ನು ಕೇಳುತ್ತದೆ. ಆರೇಳು ವರ್ಷ ಓದಿದವರಿಗೇ ಸವೆತ ಉಂಟು ಎಂದು ಒಪ್ಪಿಕೊಂಡ ಹಾಗಾಯಿತು. ಮೂರು ತಿಂಗಳು ಕಲಿತವರಿಗೆ ಇನ್ನೆಷ್ಟು ಬೇಕು?

ಏಕೆಂದರೆ ಕೋಣೆಗೆ ಬರುವ ಸಾಮಾನು ಬದಲಾಗುತ್ತಲೇ ಇದೆ. ಅಕ್ಕ ಕಲಿತಾಗ ದಾರ, ವ್ಯಾಕ್ಸು, ಬ್ಲೀಚು, ಹಣ್ಣಿನ ಫೇಶಿಯಲ್ಲು, ಅಷ್ಟೆ. ಈಗ ಕೆರಾಟಿನ್ ಬಂದಿದೆ, ಆಮ್ಲದ ಪೀಲ್ ಬಂದಿದೆ, ಸಣ್ಣ ಸೂಜಿಗಳ ಉರುಳೆಯಿಂದ ಮುಖ ಚುಚ್ಚುವುದು ಬಂದಿದೆ. ಇವನ್ನು ಕಲಿಸುವವರು ಯಾರು? ಬೈಕಿನಲ್ಲಿ ಬ್ಯಾಗು ಹಾಕಿಕೊಂಡು ಬರುವ ಕಂಪನಿಯ ಹುಡುಗರು, ಮತ್ತೆ ಫೋನಿನ ಒಂದು ನಿಮಿಷದ ವಿಡಿಯೊಗಳು. ಹೇಗೆ ಹಚ್ಚಬೇಕು, ಎಷ್ಟು ಹೊಳೆಯುತ್ತದೆ, ಎಷ್ಟು ಲಾಭ ಎಂದು ಚೆನ್ನಾಗಿ ಹೇಳಿಕೊಡುತ್ತಾರೆ. ಯಾರಿಗೆ ಹಚ್ಚಬಾರದು ಎಂದು ಹೇಳಿದರೆ ಡಬ್ಬಿ ಮಾರಾಟವಾಗುವುದಿಲ್ಲ. ಗೇಜಿನ ಒಂದೇ ತುದಿಯನ್ನು ಕೈಗೆ ಕೊಟ್ಟು ಹೋಗುತ್ತಾರೆ.

ಎಲ್ಲಿ ನಿಲ್ಲಿಸಬೇಕೆಂದು ತಿಳಿಯದ ಕೈಯಿಂದ ಕಾನೂನಿರುವ ನಾಡುಗಳಲ್ಲೂ ಹಾನಿಯಾಗಿದೆ. ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯದ ಆಲ್ಬುಕರ್ಕಿ ನಗರದಲ್ಲಿ, ಗ್ರಾಹಕರ ರಕ್ತವನ್ನೇ ತೆಗೆದು ಸೂಜಿಗಳಿಂದ ಮುಖಕ್ಕೆ ಸೇರಿಸುತ್ತಿದ್ದ ಪರವಾನಗಿಯಿಲ್ಲದ ಒಂದು ಸ್ಪಾ ಇತ್ತು. 2018ರಲ್ಲಿ ಮುಚ್ಚಿಸಿದರು. ಒಮ್ಮೆ ಬಳಸಿ ಎಸೆಯಬೇಕಾದ ಸಾಧನಗಳನ್ನು ಅಲ್ಲಿ ಮತ್ತೆ ಬಳಸಿದ್ದಿರಬೇಕು ಎಂಬುದು ತನಿಖೆ ಮಾಡಿದವರ ಅಂದಾಜು. ಅಲ್ಲಿ ಮುಖ ಮಾಡಿಸಿಕೊಂಡ ಮೂವರು ಹೆಂಗಸರಿಗೆ ಎಚ್‌ಐವಿ ತಗುಲಿದ್ದು ಅಲ್ಲಿಂದಲೇ ಇರಬೇಕೆಂದು ಆ ದೇಶದ ರೋಗ ನಿಯಂತ್ರಣ ಕೇಂದ್ರ 2024ರಲ್ಲಿ ವರದಿ ಕೊಟ್ಟಿತು. ಕಾನೂನು ಪುಸ್ತಕದಲ್ಲಿತ್ತು, ಆ ಕೋಣೆಯವರೆಗೆ ತಲುಪಿರಲಿಲ್ಲ.

ತಲುಪಿದ ಒಂದು ಪಾಠವೂ ನೆನಪಿದೆ ನನಗೆ. ಅದನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ.

ನಮ್ಮ ಊರಲ್ಲಿ ಅಪ್ಪನಿಗೆ ಕ್ಷೌರ ಮಾಡಲು ಬರುತ್ತಿದ್ದವರು ಹಿತ್ತಿಲ ಹುಣಸೆಮರದ ಕೆಳಗೆ ಕೂರುತ್ತಿದ್ದರು. ಮನೆಯೊಳಗೆ ಕರೆಯುತ್ತಿರಲಿಲ್ಲ. ಊರಿನ ಎಲ್ಲ ಗಂಡಸರೂ ತಮ್ಮ ಗಂಟಲ ಮೇಲೆ ಕತ್ತಿಯಾಡಿಸಲು ಬಿಡುವಷ್ಟು ನಂಬಿಕೆ ಇಟ್ಟಿದ್ದ ಮನುಷ್ಯನಿಗೆ ಹೊಸಿಲು ದಾಟುವ ಹಕ್ಕಿರಲಿಲ್ಲ. ಇನ್ನೊಬ್ಬರ ಮೈ ಮುಟ್ಟಿ ಸೇವೆ ಮಾಡುವವರನ್ನೇ ನಾವು ಕೀಳೆಂದು ಎಣಿಸಿದೆವು, ಅವರ ಕಸುಬಿನ ಹೆಸರನ್ನು ಬೈಗುಳ ಮಾಡಿದೆವು. ಅದನ್ನು ನೆನೆದರೆ ಈಗಲೂ ತಲೆ ತಗ್ಗುತ್ತದೆ. ಅವರ ಚೀಲದಲ್ಲಿ ಇದ್ದದ್ದು ಒಂದೇ ಕತ್ತಿ. ಕಲ್ಲಿನ ಮೇಲೆ ಮಸೆದು, ಚರ್ಮದ ಪಟ್ಟಿಯ ಮೇಲೆ ಸವರಿ, ಒಬ್ಬರಾದ ಮೇಲೆ ಒಬ್ಬರಿಗೆ ಅದೇ. ಗಾಯವಾದರೆ ಸ್ಫಟಿಕದ ತುಂಡು.

ತೊಂಬತ್ತರ ದಶಕದಲ್ಲಿ ಏಡ್ಸ್ ಬಗ್ಗೆ ಗೋಡೆಬರಹ ಬಂದವು, ಬೀದಿನಾಟಕ ಬಂದವು, ಬಾನುಲಿಯಲ್ಲಿ ಮಾತು ಬಂದವು. ಕ್ಷೌರದಂಗಡಿಗೆ ಹೋದವರು ‘ಹೊಸ ಬ್ಲೇಡ್ ಹಾಕಪ್ಪ’ ಎಂದು ಕೇಳಲು ಕಲಿತರು. ಕಸುಬಿನವರು ಬ್ಲೇಡನ್ನು ಅರ್ಧ ಮುರಿದು ಸಿಕ್ಕಿಸುವ ಕತ್ತಿಯನ್ನು ತಂದರು. ಗಿರಾಕಿಯ ಕಣ್ಣೆದುರೇ ಕಾಗದ ಬಿಚ್ಚಿ, ಮುರಿದು, ಸಿಕ್ಕಿಸಿ ತೋರಿಸುವುದು ರೂಢಿಯಾಯಿತು. ಕೆಲವೇ ವರ್ಷಗಳಲ್ಲಿ, ಓದು ಬರಹ ಹೆಚ್ಚಿಲ್ಲದ ಸಾವಿರಾರು ಜನ, ತಲೆತಲಾಂತರದಿಂದ ಬಂದ ತಮ್ಮ ಮುಖ್ಯ ಸಾಧನವನ್ನೇ ಬದಲಿಸಿಕೊಂಡರು. ಇಂಥ ದೊಡ್ಡ ಕಲಿಕೆಗೆ ನಾವು ಯಾರೂ ಪ್ರಮಾಣಪತ್ರ ಕೊಟ್ಟಿಲ್ಲ. ಅವರಿಗೆ ಕಲಿಯುವ ಮನಸ್ಸಿಲ್ಲ, ಅವರಿಗೆ ಅರ್ಥವಾಗುವುದಿಲ್ಲ ಎಂದು ಯಾರಾದರೂ ಹೇಳಿದರೆ ನನಗೆ ಆ ಅರ್ಧ ಬ್ಲೇಡು ನೆನಪಾಗುತ್ತದೆ. ಅವರಿಗೆ ತಿಳಿಯುವ ಮಾತಿನಲ್ಲಿ, ಅವರು ಇರುವ ಕಡೆಗೆ ಹೋಗಿ, ಕಾರಣ ಸಹಿತ ಹೇಳಿದ್ದೇ ಸಾಕಾಯಿತು. ಜೊತೆಗೆ ಗಿರಾಕಿಗಳಿಗೂ ಹೇಳಿದರು.

ಆದ್ದರಿಂದ ನನ್ನ ಮನಸ್ಸಿನಲ್ಲಿರುವ ನಿಯಮ ದೊಡ್ಡದಲ್ಲ. ವರ್ಷಕ್ಕೊಂದು ದಿನ ಸಾಕು. ಕ್ಷೌರದಂಗಡಿಗಳಿಗೆ ಮಂಗಳವಾರ ರಜೆ, ಪಾರ್ಲರುಗಳಲ್ಲೂ ಅವತ್ತು ಗಿರಾಕಿ ಕಡಿಮೆ. ಅಂಥ ಒಂದು ಮಂಗಳವಾರ ದಾಸರಹಳ್ಳಿಯಲ್ಲೋ ಜಾಲಹಳ್ಳಿಯಲ್ಲೋ ಒಂದು ಸರ್ಕಾರಿ ಶಾಲೆಯ ಕೋಣೆ. ಕನ್ನಡದಲ್ಲಿ ಪಾಠ. ಕಲಿಸುವವರು ಒಬ್ಬ ಚರ್ಮದ ವೈದ್ಯರು ಮತ್ತು ಇಪ್ಪತ್ತು ವರ್ಷ ಪಾರ್ಲರ್ ನಡೆಸಿದ ಒಬ್ಬ ಅಕ್ಕ, ಇಬ್ಬರೂ ಸೇರಿ. ಹಚ್ಚುವುದನ್ನು ಅಲ್ಲಿ ಕಲಿಸಬೇಕಿಲ್ಲ. ಹಚ್ಚಬಾರದ ಮುಖ ಹೇಗಿರುತ್ತದೆ, ಉರಿ ಅಂದರೆ ಏನು ಮಾಡಬೇಕು, ಯಾವ ಮಚ್ಚೆ ಕಂಡರೆ ಆಸ್ಪತ್ರೆಗೆ ಕಳಿಸಬೇಕು, ಸೂಜಿಯನ್ನು ಯಾಕೆ ಮುಟ್ಟಕೂಡದು, ಈ ವರ್ಷ ಹೊಸದಾಗಿ ಬಂದ ಡಬ್ಬಿಯಲ್ಲಿ ಏನಿದೆ, ಇಷ್ಟೇ. ಆ ದಿನದ ಕೂಲಿಯನ್ನು ಸರ್ಕಾರ ಕೊಡಬೇಕು. ಮುಗಿದ ಮೇಲೆ ಒಂದು ಸ್ಟಿಕ್ಕರ್, ಹೆಸರು ಮತ್ತು ಮುಂದಿನ ತಾರೀಖಿನೊಡನೆ. ಅಂಗಡಿಯ ಹೆಸರಲ್ಲ, ಆಕೆಯ ಹೆಸರು. ಅದನ್ನು ಕನ್ನಡಿಯ ಮೂಲೆಗೆ ಅಂಟಿಸಿಕೊಂಡರೆ, ಬಾರದ ಕೆಲಸಕ್ಕೆ ಒಲ್ಲೆ ಎನ್ನುವಾಗ ಬೆನ್ನಿಗೊಂದು ಆಸರೆ ಇರುತ್ತದೆ. ‘ನನಗೆ ಇಷ್ಟವಿಲ್ಲ’ ಅನ್ನುವುದಕ್ಕೂ ‘ನಿಯಮ ಇಲ್ಲಮ್ಮ’ ಅನ್ನುವುದಕ್ಕೂ ಬಾಡಿಗೆಯ ದಿನ ಬಹಳ ವ್ಯತ್ಯಾಸವಿದೆ. ಅವತ್ತು ಆ ತಾಯಿ ಎದ್ದು ಹೋದಾಗ ಅಕ್ಕ ಒಬ್ಬರೇ ನಿಂತಿದ್ದರು. ಗಂಗಮ್ಮ ಸರ್ಕಲ್ಲಿನ ಎಲ್ಲ ಪಾರ್ಲರುಗಳೂ ಅದೇ ಮಾತು ಹೇಳುವಂತಿದ್ದರೆ ಒಳ್ಳೆಯತನಕ್ಕೆ ಅಷ್ಟು ದಂಡ ಬೀಳುತ್ತಿರಲಿಲ್ಲ.

ಪಾರ್ಲರಿನ ಕುರ್ಚಿಯಲ್ಲಿ ಕೂರುವ ನಾವೂ ಕಲಿಯಬೇಕು. ನಾವು ಅವಸರದವರು. ಸಂಜೆ ನಾಮಕರಣ, ಮಧ್ಯಾಹ್ನ ಬಣ್ಣ. ಹಬ್ಬದ ಹಿಂದಿನ ರಾತ್ರಿ ಫೇಶಿಯಲ್. ‘ಬೇಗ ಮುಗಿಸಮ್ಮ’ ಎಂದು ಎಷ್ಟು ಸಲ ಹೇಳಿದ್ದೇನೋ ನನಗೇ ಲೆಕ್ಕವಿಲ್ಲ.

ಹೋದ ತಿಂಗಳು ಬೇರೆ ಕಂಪನಿಯ ಡೈ ತಂದಿದ್ದೆ. ಅಕ್ಕ ಪೊಟ್ಟಣ ತಿರುಗಿಸಿ ನೋಡಿ, ಬಟ್ಟಲಲ್ಲಿ ಚೂರೇ ಚೂರು ಕಲಸಿ, ನನ್ನ ಕಿವಿಯ ಹಿಂದೆ ಒಂದು ಬೊಟ್ಟಿನಷ್ಟು ಹಚ್ಚಿದರು. “ಇವತ್ತು ಇಷ್ಟೇ. ನಾಳೆ ಇದೇ ಹೊತ್ತಿಗೆ ಬನ್ನಿ. ಉರಿ, ತುರಿಕೆ ಏನೂ ಇಲ್ದಿದ್ರೆ ಹಚ್ತೀನಿ.” ನನಗೆ ಮರುದಿನ ಬೆಳಿಗ್ಗೆ ತುಮಕೂರಿಗೆ ಹೋಗಬೇಕಿತ್ತು. ಬಾಯಿಗೆ ಬಂದ ಮಾತನ್ನು ನುಂಗಿಕೊಂಡೆ.

ಅಕ್ಕನ ಹತ್ತಿರ ಈಗ ಕೆಲಸ ಕಲಿಯಲು ಒಬ್ಬ ಹುಡುಗಿ ಇದ್ದಾಳೆ. ಪಿಯುಸಿ ಮುಗಿಸಿದವಳು, ಚುರುಕು. ಪೊಟ್ಟಣದ ಒಳಗಿದ್ದ ಚೀಟಿಯನ್ನು ಅಕ್ಕ ನನ್ನ ಕೈಗೆ ಕೊಟ್ಟು, “ಸ್ವಲ್ಪ ಜೋರಾಗಿ ಓದಿ ಅಮ್ಮ, ಇವಳೂ ಕೇಳಿಸ್ಕೊಳ್ಳಲಿ. ಅಕ್ಷರ ಇರುವೆ ಥರ ಇದೆ” ಅಂದರು. ಡೈ ಪೊಟ್ಟಣದ ಎಚ್ಚರಿಕೆ ಸ್ಥಳೀಯ ಭಾಷೆಯಲ್ಲೂ ಇರಬೇಕು ಎಂದು ನಮ್ಮ ದೇಶದ ನಿಯಮವಿದೆ. ಕನ್ನಡಕ ಹಾಕಿಕೊಂಡು ಕಿಟಕಿಯ ಬಳಿ ಹೋಗಿ ಓದಿದೆ. ಕೆಲವರಿಗೆ ಚರ್ಮ ಕೆರಳಬಹುದು. ಮೊದಲು ಕಿವಿಯ ಹಿಂದೆ ಅಥವಾ ಮುಂಗೈಯ ಒಳಭಾಗದಲ್ಲಿ ಹಚ್ಚಿ 24 ಗಂಟೆ ನೋಡಬೇಕು. ರೆಪ್ಪೆಗೂ ಹುಬ್ಬಿಗೂ ಹಚ್ಚಕೂಡದು, ಕಣ್ಣು ಹೋಗಬಹುದು.

“ಕಣ್ಣು ಹೋಗತ್ತಾ?” ಹುಡುಗಿ ಕೇಳಿದಳು. “ಯಾರಿಗಾದ್ರೂ ಹಾಗಾಗಿದ್ಯಾ ಅಮ್ಮ, ಇಲ್ಲಾ ಸುಮ್ನೆ ಬರ್ದಿರ್ತಾರಾ?”

ಆಗಿದೆ ಎಂದು ಹೇಳಿದೆ. 1933ರಲ್ಲಿ, ಅಮೆರಿಕದಲ್ಲಿ. ರೆಪ್ಪೆಗೂ ಹುಬ್ಬಿಗೂ ಹಚ್ಚುವ ‘ಲ್ಯಾಶ್ ಲೂರ್’ ಎಂಬ ಬಣ್ಣ ಬಂದಿತ್ತು. ಈಗಿನ ಕಪ್ಪು ಡೈಯಲ್ಲಿರುವಂಥದೇ ರಾಸಾಯನಿಕ ಅದರಲ್ಲೂ ಇತ್ತು. ಒಬ್ಬ ಹೆಂಗಸು ಸಮಾರಂಭಕ್ಕೆ ಹೋಗುವ ಮುನ್ನ ಪಾರ್ಲರಿನಲ್ಲಿ ಹಚ್ಚಿಸಿಕೊಂಡಳು. ಆ ರಾತ್ರಿಯೇ ಕಣ್ಣು ಊದಿ ಹುಣ್ಣಾಯಿತು, ಮುಂದೆ ಕಾಣಲಿಲ್ಲ. ಇನ್ನೊಬ್ಬಳು ಸತ್ತಳು. ಆಗ ಅದನ್ನು ತಡೆಯಲು ಅಲ್ಲಿ ಕಾನೂನೇ ಇರಲಿಲ್ಲ. ಆ ಹೆಂಗಸಿನ ಎರಡು ಫೋಟೊ, ಹಚ್ಚುವ ಮೊದಲಿನದು ಮತ್ತು ಆಮೇಲಿನದು, ಊರೂರಿಗೆ ಒಯ್ದು ತೋರಿಸಿದರು. ಕಾನೂನು ಬರಲು 1938 ಆಯಿತು.

ಹುಡುಗಿ ಬಹಳ ಹೊತ್ತು ಮಾತಾಡಲಿಲ್ಲ. ಬಟ್ಟಲಿನ ಪಕ್ಕ ಒಂದು ಸಣ್ಣ ಬ್ರಷ್ಷಿತ್ತು. ತಲೆಗೆ ಹಚ್ಚಿ ಉಳಿದ ಡೈಯನ್ನು ಬರುವವರ ನೆರೆತ ಹುಬ್ಬಿಗೆ ಸವರಿಬಿಡುವುದು ಅನೇಕ ಪಾರ್ಲರುಗಳಲ್ಲಿ ರೂಢಿ, ಕೇಳಿದರೂ ಕೇಳದಿದ್ದರೂ. ನನ್ನ ಹುಬ್ಬಿಗೂ ಎಷ್ಟೋ ಸಲ ಹಚ್ಚಿದ್ದಾರೆ. ಅಕ್ಕ ಆ ಬ್ರಷ್ಷನ್ನು ನೋಡಿದರು, ನನ್ನನ್ನು ನೋಡಲಿಲ್ಲ. ಹುಡುಗಿ ಎದ್ದು ಅದನ್ನು ಸೋಪು ಹಾಕಿ ತೊಳೆದು, ನೀರು ಒದರಿ, ಕುಂಕುಮದ ಡಬ್ಬಿಯ ಪಕ್ಕ ಇಟ್ಟಳು. ಆಮೇಲೆ ನನ್ನ ಕೈಯಿಂದ ಚೀಟಿ ತೆಗೆದುಕೊಂಡು ಕಿಟಕಿಯ ಬೆಳಕಿಗೆ ಹಿಡಿದು, ಮೊದಲಿನಿಂದ ತಾನೇ ಓದತೊಡಗಿದಳು.